ಪಥ್ಯಾಹಾರಕ್ಕೆ ಸರ್ಕಾರದ ನೆರವು ಸಲ್ಲುವುದೆ?

ಪಥ್ಯವೆಂಬ ಮಾತು ನಮ್ಮ ಮನೆಗಳಲ್ಲಿ ಕಾಯಿಲೆ ಬಂದಾಗ ಮಾತ್ರ ಕೇಳಿಬರುವುದು. ಬಾಣಂತಿಗೆ ಪಥ್ಯ, ಜ್ವರ ಬಿಟ್ಟು ಎದ್ದವನಿಗೆ ಪಥ್ಯ, ಸಕ್ಕರೆ ಕಾಯಿಲೆಯ ಹಿರಿಯರಿಗೆ ಪಥ್ಯ ಎಂದು ಹೇಳುತ್ತೇವೆ; ನಾಲಗೆಯನ್ನು ಕಟ್ಟಿಹಾಕುವ ಬೇಸರದ ನಿಯಮವೆಂದೇ ಅದನ್ನು ತಿಳಿಯುತ್ತೇವೆ. ಶಬ್ದದ ಮೂಲವನ್ನು ವಿಚಾರಿಸಿದರೆ ಅದಕ್ಕೆ ಇದಕ್ಕಿಂತ ಗಂಭೀರವಾದ ಅರ್ಥವುಂಟು. ಪಾಣಿನಿ ಮಹರ್ಷಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಧರ್ಮ, ಪಥಿನ್, ಅರ್ಥ, ನ್ಯಾಯ ಎಂಬ ನಾಲ್ಕು ಶಬ್ದಗಳನ್ನು ಒಂದೇ ಸೂತ್ರದಲ್ಲಿ ಕೂಡಿಸಿ, ಅವುಗಳಿಂದ ಅಗಲದೆ ಇರುವುದು ಎಂಬ ಅರ್ಥದಲ್ಲಿ ಧರ್ಮ್ಯ, ಪಥ್ಯ, ಅರ್ಥ್ಯ, ನ್ಯಾಯ್ಯ ಎಂಬ ರೂಪಗಳನ್ನು ಸಾಧಿಸಿರುವನು. ದಾರಿಯನ್ನು ಬಿಡದಿರುವುದು ಪಥ್ಯ. ನ್ಯಾಯವನ್ನು ಬಿಡದಿರುವುದು ನ್ಯಾಯ್ಯ. ವ್ಯಾಕರಣದಲ್ಲಿ ಒಡಹುಟ್ಟಿದ ಈ ಎರಡು ಪದಗಳು ಲೋಕವ್ಯವಹಾರದ ಒಂದು ಪ್ರಶ್ನೆಯಲ್ಲಿಯೂ ಈಗ ಜೊತೆಯಾಗಿ ನಮ್ಮ ಮುಂದೆ ನಿಂತಿವೆ. ರೋಗಿಗೆ ಪಥ್ಯವಾದ ಆಹಾರವನ್ನು ಸಾರ್ವಜನಿಕರ ಹಣದಿಂದ ಒದಗಿಸುವುದು ನ್ಯಾಯ್ಯವೆ, ಅಲ್ಲವೆ?

ಔಷಧದ ವಿಷಯದಲ್ಲಿ ವಿವಾದವೇನೂ ಇಲ್ಲ. ಸರ್ಕಾರಿ ಆಸ್ಪತ್ರೆಗೆ ಬಂದ ಬಡವನಿಗೆ ಗುಳಿಗೆಯನ್ನೂ ಸೂಜಿಮದ್ದನ್ನೂ ಬೆಲೆಯಿಲ್ಲದೆ ಕೊಡತಕ್ಕದ್ದೆಂದು ಎಲ್ಲರೂ ಒಪ್ಪುವರು. ೨೦೧೮ರಲ್ಲಿ ಪ್ರಾರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವನ್ನು ಗೊತ್ತುಮಾಡಿದೆ. ಆದರೆ ವೈದ್ಯರು ಔಷಧವನ್ನು ಚೀಟಿಯಲ್ಲಿ ಬರೆಯುವರು. ಆಹಾರವನ್ನು ಬಾಯಿಮಾತಿನಲ್ಲಿ ಹೇಳುವರು. ಬರೆದುದು ಸರ್ಕಾರದ ಪಾಲಿಗೆ, ಹೇಳಿದುದು ರೋಗಿಯ ಪಾಲಿಗೆ ಎಂಬಂತೆ ಬಹುಮಟ್ಟಿಗೆ ವ್ಯವಹಾರವು ನಡೆದುಬಂದಿದೆ. "ಹಾಲು, ಮೊಟ್ಟೆ, ಬೇಳೆ ಚೆನ್ನಾಗಿ ಕೊಡಿ" ಎಂಬ ಆ ಒಂದು ಮಾತನ್ನು ಹೊತ್ತುಕೊಂಡು ಊರಿಗೆ ಹಿಂದಿರುಗುವ ಕೂಲಿಯವನಿಗೆ ಅದರ ಭಾರವೆಷ್ಟೆಂಬುದು ಹೇಳಿದವರಿಗೆ ಹೇಗೆ ತಿಳಿದೀತು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ತುಮಕೂರು ಸೀಮೆಯಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಇಲ್ಲಿನ ಶಾಲೆಗಳಲ್ಲಿ ಪಾಠ ಹೇಳಿಕೊಂಡು ಬಹುಕಾಲ ಕಳೆದವನಾದುದರಿಂದ ಈ ಪ್ರಶ್ನೆಯನ್ನು ನನಗೆ ಪರಿಚಿತವಾದ ಈ ನೆಲದ ಮೇಲೆಯೇ ಇಟ್ಟು ನೋಡಲು ಬಯಸುವೆನು. ಇದು ಮಳೆ ಕಡಮೆಯಾದ, ಬಂಡೆ ಬೆಟ್ಟಗಳ ನಾಡು. ರಾಗಿ, ಕಡಲೆಕಾಯಿ, ತೊಗರಿ, ಅವರೆ, ಹುರುಳಿ, ಹುಣಿಸೆ ಇಲ್ಲಿನ ಸಂಪತ್ತು. ಮಳೆ ಕೈಕೊಟ್ಟ ವರ್ಷ ಜನರು ಕೂಲಿಗಾಗಿ ಬೆಂಗಳೂರಿನ ಕಡೆಗೆ ಹೋಗುವರು. ಇಂತಹ ಕಡೆ ಪಥ್ಯದ ಪ್ರಶ್ನೆಯು ಕೇವಲ ನಾಲಗೆಯ ಸಂಯಮದ ಪ್ರಶ್ನೆಯಾಗಿರದೆ ಕೈಯ ಕಾಸಿನ ಪ್ರಶ್ನೆಯೂ ಆಗಿರುವುದು.

ಅನ್ಯದೇಶಗಳಲ್ಲಿ ಈ ವಿಷಯದ ಚರ್ಚೆ ಹೆಚ್ಚಾಗಿ ಗೋದಿಯ ಸುತ್ತ ನಡೆದಿದೆ. ಸೀಲಿಯಾಕ್ ಎಂಬ ಕಾಯಿಲೆಯುಳ್ಳವರಿಗೆ ಗೋದಿ, ಬಾರ್ಲಿ ಮೊದಲಾದ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟುಪದಾರ್ಥವು ಕರುಳಿಗೆ ಹಾನಿಯನ್ನುಂಟುಮಾಡುವುದು. ಹಾಲೆಂಡಿನ ಮಕ್ಕಳ ವೈದ್ಯರಾದ ಡಿಕ್ಕೆ ಎಂಬವರು ಗೋದಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದರು; ೧೯೪೪-೪೫ರ ಚಳಿಗಾಲದ ಕ್ಷಾಮದಲ್ಲಿ ಆ ದೇಶಕ್ಕೆ ರೊಟ್ಟಿಯೇ ದುರ್ಲಭವಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡುದು ಅವರ ಊಹೆಗೆ ಬಲಕೊಟ್ಟಿತು. ಈ ರೋಗಕ್ಕೆ ಗುಳಿಗೆಯಿಲ್ಲ. ಗ್ಲುಟೆನ್ ಇಲ್ಲದ ಆಹಾರವೇ ಔಷಧ. ಆದುದರಿಂದ ಇಂಗ್ಲೆಂಡಿನಲ್ಲಿ ಅಂತಹ ರೊಟ್ಟಿಯನ್ನು ವೈದ್ಯರ ಚೀಟಿಯ ಮೇಲೆ ಕೊಡುವ ಪದ್ಧತಿ ಬಂದಿತು. ಬಿಸ್ಕತ್ತು ಮೊದಲಾದುವೂ ಆ ಪಟ್ಟಿಯಲ್ಲಿ ಸೇರಿದ್ದುದರಿಂದ ವೆಚ್ಚದ ಮಾತು ಎದ್ದು, ೨೦೧೮ರಲ್ಲಿ ಅದನ್ನು ರೊಟ್ಟಿಗೂ ಹಿಟ್ಟಿನ ಮಿಶ್ರಣಕ್ಕೂ ಮಾತ್ರ ಮಿತಗೊಳಿಸಿದರು. ಇಟಲಿಯಲ್ಲಿ ಈ ರೋಗಿಗಳಿಗೆ ತಿಂಗಳಿಗೆ ಇಷ್ಟೆಂದು ನೆರವು ಸಲ್ಲುವುದು.

ಈ ನಿದರ್ಶನವನ್ನು ನಾವು ಹಾಗೆಯೇ ಎತ್ತಿ ತರುವುದು ವಿವೇಕವಲ್ಲ. ರೊಟ್ಟಿಯೇ ನಿತ್ಯಾಹಾರವಾದ ದೇಶದಲ್ಲಿ ಗ್ಲುಟೆನ್ ಇಲ್ಲದ ರೊಟ್ಟಿಯು ವಿಶೇಷಾಹಾರ. ಮಧುಗಿರಿಯ ರೈತನ ಮನೆಯಲ್ಲಿ ಮುದ್ದೆಯೇ ನಿತ್ಯಾಹಾರ. ರಾಗಿ, ಅಕ್ಕಿ, ಜೋಳ, ನವಣೆ, ಸಾಮೆಗಳಲ್ಲಿ ಆ ಅಂಟುಪದಾರ್ಥವೇ ಇಲ್ಲ. ಇಲ್ಲಿ ಅಂತಹ ಮಗುವಿದ್ದರೆ ಅದಕ್ಕೆ ಬೇಕಾದುದು ಪಟ್ಟಣದ ಅಂಗಡಿಯ ಬೆಲೆಬಾಳುವ ಪೊಟ್ಟಣವಲ್ಲ. ಗೋದಿ ಬೀಸಿದ ಗಿರಣಿಯಲ್ಲಿ ಅದರ ರಾಗಿಯನ್ನು ಬೀಸಬಾರದೆಂಬ ಎಚ್ಚರಿಕೆ. ಇದರಿಂದ ನಮಗೆ ಒಂದು ಮುಖ್ಯವಾದ ತತ್ತ್ವ ದೊರೆಯುವುದು. ಯಾವುದು ವಿಶೇಷಾಹಾರ ಎಂಬುದನ್ನು ರೋಗದ ಹೆಸರೊಂದೇ ನಿರ್ಣಯಿಸಲಾರದು. ಆ ಊರಿನ ಹೊಲ, ಆ ಮನೆಯ ಒಲೆ, ಆ ಕುಟುಂಬದ ಸಂಪಾದನೆ ಇವೂ ಸೇರಿ ನಿರ್ಣಯಿಸತಕ್ಕುವು.

ಆದುದರಿಂದ ನೆರವು ಎಲ್ಲಿ ಸಲ್ಲುವುದೆಂಬುದನ್ನು ತಿಳಿಯಲು ಮೂರು ಒರೆಗಲ್ಲುಗಳನ್ನು ಸೂಚಿಸುವೆನು. ಆ ಆಹಾರವು ಚಿಕಿತ್ಸೆಯ ಅಂಗವೇ ಆಗಿರಬೇಕು. ಅಂದರೆ ಅದಿಲ್ಲದೆ ಔಷಧವು ಪೂರ್ಣವಾಗಿ ಫಲಿಸದೆ ಹೋಗಬೇಕು. ಅದಿಲ್ಲದಿದ್ದರೆ ಒದಗುವ ಹಾನಿಯು ದೊಡ್ಡದಾಗಿರಬೇಕು. ಮತ್ತು ಆ ಮನೆಯವರು ತಮ್ಮ ಶಕ್ತಿಯಿಂದ ಅದನ್ನು ಒದಗಿಸಿಕೊಳ್ಳಲಾರದವರಾಗಿರಬೇಕು. ಈ ಮೂರೂ ಕೂಡಿದಲ್ಲಿ ಆಹಾರವನ್ನು ಔಷಧವೆಂದೇ ಭಾವಿಸಿ ಸರ್ಕಾರವು ಕೊಡತಕ್ಕದ್ದು. ಕೂಡದಲ್ಲಿ ಉಪದೇಶವು ಸಾಕು.

ಈ ಒರೆಗಲ್ಲಿಗೆ ಮೊದಲು ಹಚ್ಚಿ ನೋಡತಕ್ಕದ್ದು ಕ್ಷಯರೋಗ. ಇದರ ಔಷಧವನ್ನು ಸರ್ಕಾರವು ಧರ್ಮಾರ್ಥವಾಗಿ ಕೊಡುವುದು; ಸಾಮಾನ್ಯವಾಗಿ ಆರು ತಿಂಗಳು ಬಿಡದೆ ಸೇವಿಸಬೇಕು. ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದ ಸ್ವಾಮಿ ವಿವೇಕಾನಂದ ಗ್ರಾಮೀಣ ಆರೋಗ್ಯ ಕೇಂದ್ರವು ಕ್ಷಯ ಮತ್ತು ಕುಷ್ಠ ರೋಗಿಗಳ ಸೇವೆಯನ್ನು ಮಾಡಿರುವುದನ್ನು ಈ ಕಡೆಯವರೆಲ್ಲರೂ ಬಲ್ಲರು. ಕ್ಷಯಕ್ಕೂ ಹಸಿವಿಗೂ ಇರುವ ನಂಟು ಹಳೆಯದು: ಪೋಷಣೆಯಿಲ್ಲದ ದೇಹದಲ್ಲಿ ರೋಗವು ಬೇಗ ತಲೆಯೆತ್ತುವುದು, ರೋಗವು ಬಂದ ಮೇಲೆ ದೇಹವು ಮತ್ತಷ್ಟು ಸೊರಗುವುದು. ಬಹುಕಾಲದಿಂದ ವೈದ್ಯರು ಹೇಳುತ್ತಿದ್ದ ಈ ಮಾತಿಗೆ ಈಚೆಗೆ ಬಲವಾದ ಪ್ರಮಾಣವು ದೊರೆತಿದೆ.

ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಸಂಗಡಿಗರೊಡನೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಒಂದು ಪರೀಕ್ಷೆಯನ್ನು ನಡೆಸಿ, ಅದರ ಫಲವನ್ನು ೨೦೨೩ರಲ್ಲಿ ಪ್ರಕಟಿಸಿದರು. ಸುಮಾರು ೨,೮೦೦ ರೋಗಿಗಳನ್ನೂ ಅವರ ಮನೆಗಳ ೧೦,೦೦೦ಕ್ಕೂ ಮೀರಿದ ಬಂಧುಗಳನ್ನೂ ಎರಡು ಪಂಗಡ ಮಾಡಿದರು. ಎರಡು ಪಂಗಡದ ರೋಗಿಗಳಿಗೂ ಆಹಾರವನ್ನು ಕೊಟ್ಟರು. ಒಂದು ಪಂಗಡದಲ್ಲಿ ಮಾತ್ರ ರೋಗಿಯ ಮನೆಯವರೆಲ್ಲರಿಗೂ ಅಕ್ಕಿ ಬೇಳೆಗಳನ್ನು ತಿಂಗಳು ತಿಂಗಳೂ ಕೊಟ್ಟರು. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲಿದವರ ಪ್ರಮಾಣವು ಮತ್ತೊಂದು ಪಂಗಡಕ್ಕಿಂತ ನೂರಕ್ಕೆ ೩೯ರಷ್ಟು ಕಡಮೆಯಾಯಿತು. ಮೊದಲೆರಡು ತಿಂಗಳಲ್ಲಿ ಮೈತೂಕ ಹೆಚ್ಚಿದ ರೋಗಿಗಳಲ್ಲಿ ಮರಣದ ಭಯವೂ ಬಹುವಾಗಿ ತಗ್ಗಿದ್ದುದು ಕಂಡುಬಂದಿತು. ಪರದೇಶದ ದುರ್ಲಭ ಮದ್ದಿನಿಂದಲ್ಲ, ನಮ್ಮ ಗೃಹಿಣಿಯರು ನಿತ್ಯವೂ ಮೊರದಲ್ಲಿ ಕೇರುವ ಅಕ್ಕಿ ಬೇಳೆಗಳಿಂದ ರೋಗವು ಹಿಂದೆ ಸರಿಯಿತು ಎಂಬುದನ್ನು ವಾಚಕರು ಗಮನಿಸಬೇಕು.

ಸರ್ಕಾರವು ಈ ವಿಷಯದಲ್ಲಿ ಕಣ್ಣುಮುಚ್ಚಿ ಕುಳಿತಿಲ್ಲ. ನಿಕ್ಷಯ್ ಪೋಷಣ್ ಯೋಜನೆಯೆಂಬ ಹೆಸರಿನಿಂದ ೨೦೧೮ರ ಏಪ್ರಿಲಿನಿಂದ ಪ್ರತಿಯೊಬ್ಬ ಕ್ಷಯರೋಗಿಗೆ ಚಿಕಿತ್ಸೆಯ ಕಾಲದಲ್ಲಿ ತಿಂಗಳಿಗೆ ೫೦೦ ರೂಪಾಯಿಗಳನ್ನು ಬ್ಯಾಂಕಿನ ಖಾತೆಗೆ ಕಳುಹಿಸುವ ಏರ್ಪಾಡು ಬಂದಿತು. ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ ರೂಪಾಯಿಗಳಿಗೆ ಏರಿಸಿದರು. ಇಷ್ಟವುಳ್ಳ ನಾಗರಿಕರು ರೋಗಿಗಳಿಗೆ ಆಹಾರದ ಪೊಟ್ಟಣಗಳನ್ನು ಕೊಡುವ ನಿಕ್ಷಯ್ ಮಿತ್ರ ಎಂಬ ಕ್ರಮವು ೨೦೨೨ರಲ್ಲಿ ಪ್ರಾರಂಭವಾಯಿತು. ಇವೆಲ್ಲ ಪ್ರಶಂಸನೀಯವೇ ಸರಿ. ಆದರೆ ಒಂದು ಮಾತನ್ನು ಹೇಳದೆ ಇರಲಾಗದು. ದುಡಿಯುವವನು ಹಾಸಿಗೆ ಹಿಡಿದ ಮನೆಗೆ ಬಂದ ಹಣವು ಮೊದಲು ಸಾಲಗಾರನ ಕಡೆಗೆ, ಬಳಿಕ ಮಕ್ಕಳ ಪುಸ್ತಕದ ಕಡೆಗೆ, ಕಡೆಗೆ ಉಳಿದರೆ ಹಾಲಿನ ಕಡೆಗೆ ಹೋಗುವುದು. ಅದು ತಪ್ಪೆಂದು ಯಾರು ಹೇಳಬಲ್ಲರು? ಮೇಲಾಗಿ ಮನೆಯ ಒಲೆಯ ಮೇಲಿರುವ ಪಾತ್ರೆಯು ಒಂದೇ. ಒಬ್ಬನಿಗೆ ಮೊಟ್ಟೆಯನ್ನು ಕೊಟ್ಟು, ಅದನ್ನು ನೋಡುತ್ತ ಕುಳಿತ ನಾಲ್ಕು ಮಕ್ಕಳಿಗೆ ಬರಿಯ ಸಾರನ್ನು ಬಡಿಸುವ ತಾಯಿಯು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಆದುದರಿಂದ ಕ್ಷಯದ ವಿಷಯದಲ್ಲಿ ನೆರವು ರೋಗಿಯ ತಟ್ಟೆಗೆ ಮಾತ್ರವಲ್ಲದೆ ಮನೆಯ ಪಾತ್ರೆಗೇ ಸಲ್ಲಬೇಕು.

ಎರಡನೆಯದು ಪಾವಗಡದ ಸೀಮೆಗೆ ವಿಶೇಷವಾದುದು. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿಲಿಗ್ರಾಮನ್ನು ಮೀರದಿರುವುದು ಲೇಸೆಂದೂ, ಬೇರೆ ನೀರು ಇಲ್ಲದಾಗ ೧.೫ರವರೆಗೆ ಸಹಿಸಬಹುದೆಂದೂ ನಮ್ಮ ದೇಶದ ನಿಯಮವಿದೆ. ಮೀರಿದರೆ ಮಕ್ಕಳ ಹಲ್ಲುಗಳಲ್ಲಿ ಬಿಳಿಯ, ಹಳದಿಯ, ಕಂದಿನ ಪಟ್ಟೆಗಳು ಮೂಡುವುವು. ವರ್ಷಗಳು ಕಳೆದಂತೆ ಮೂಳೆ ಕೀಲುಗಳು ಬಿಗಿದು ಬೆನ್ನು ಬಾಗುವುದು. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದುದು ೧೯೩೭ರಲ್ಲಿ, ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ. ಶಾಲೆಯ ವರ್ಷಾಂತ್ಯದಲ್ಲಿ ಛಾಯಾಚಿತ್ರ ತೆಗೆಯುವಾಗ ಆ ಕಡೆಯ ಎಷ್ಟೋ ಹುಡುಗಿಯರು ತುಟಿ ಬಿಗಿದು ನಿಲ್ಲುತ್ತಿದ್ದುದನ್ನು ಕಂಡಿದ್ದೇನೆ. ನಗಲು ಹೇಳಿದರೆ ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಗುತ್ತಿತ್ತು.

ಇದಕ್ಕೆ ಮೊದಲ ಮದ್ದು ಒಳ್ಳೆಯ ನೀರು. ಅದನ್ನು ಕೊಡದೆ ಬೇರೆ ಏನನ್ನು ಕೊಟ್ಟರೂ ಅದು ಬುಡಕ್ಕೆ ಬೆಂಕಿಯಿಟ್ಟು ತಲೆಗೆ ನೀರೆರೆದಂತೆ. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆಯನ್ನೂ ಕೈಗೊಂಡಿದ್ದಾರೆ. ಆದರೆ ನೀರಿನ ಜೊತೆಗೆ ಪಥ್ಯವೂ ಬೇಕು. ಸುಣ್ಣದ ಸತ್ತ್ವವಾದ ಕ್ಯಾಲ್ಸಿಯಂ ಮತ್ತು ನೆಲ್ಲಿಕಾಯಿ, ನಿಂಬೆಗಳಲ್ಲಿರುವ ಸಿ ಜೀವಸತ್ತ್ವ ಸಾಕಷ್ಟಿರುವ ದೇಹಕ್ಕೆ ಈ ವಿಷದಿಂದಾಗುವ ಹಾನಿ ಕಡಮೆಯೆಂದು ತಜ್ಞರು ಹೇಳುವರು. ಹಾಲಿಲ್ಲದ ಚಹಾ, ಕರಿಯುಪ್ಪು, ಅಡಕೆಗಳನ್ನು ಬಿಡಲು ತಿಳಿಸುವರು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೦೨ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪರೀಕ್ಷೆಯಲ್ಲಿ, ದಿನಕ್ಕೆ ೧೦ ಗ್ರಾಮು ಹುಣಿಸೆಹಣ್ಣನ್ನು ತಿಂದ ಹುಡುಗರಲ್ಲಿ ಮೂತ್ರದ ಮೂಲಕ ಹೊರಹೋಗುವ ಫ್ಲೋರೈಡ್ ಹೆಚ್ಚಿದುದು ಕಂಡುಬಂದಿತು. ಹುಣಿಸೆಯ ಮರಗಳಿಗೆ ಹೆಸರಾದ ನಮ್ಮ ಸೀಮೆಯವರು ಇದನ್ನು ನೆನಪಿಡುವುದು ಒಳ್ಳೆಯದು. ಅದೊಂದರಿಂದಲೇ ರೋಗ ಹೋಗುವುದೆಂದು ನಂಬುವುದು ಒಳ್ಳೆಯದಲ್ಲ.

ಸರ್ಕಾರವು ೨೦೧೩ರಲ್ಲಿ ಪ್ರಾರಂಭಿಸಿದ ಕ್ಷೀರಭಾಗ್ಯದಿಂದ ಶಾಲೆಯ ಮಕ್ಕಳಿಗೆ ಹಾಲು ದೊರೆಯುತ್ತಿದೆ. ಎಲ್ಲ ಜಿಲ್ಲೆಗಳಿಗೂ ಅದು ಪೋಷಣೆಯಾದರೆ, ನೀರು ಕೆಟ್ಟ ಹಳ್ಳಿಗೆ ಅದು ಪಥ್ಯ. ಹಲ್ಲು ರೂಪುಗೊಳ್ಳುವುದು ಮೊದಲ ಏಳೆಂಟು ವರ್ಷಗಳಲ್ಲಿ. ಒಮ್ಮೆ ಬಂದ ಪಟ್ಟೆಯನ್ನು ಆಹಾರವು ತೊಳೆಯಲಾರದು. ಆದುದರಿಂದ ಅಂತಹ ಹಳ್ಳಿಗಳಲ್ಲಿ ಶಾಲೆಗೆ ರಜೆಯಿರುವಾಗಲೂ ಹಾಲು ನಿಲ್ಲದಂತೆ, ಶಾಲೆಗೆ ಸೇರದ ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಅಂಗನವಾಡಿಯ ಮೂಲಕ ಹಾಲೂ ನೆಲ್ಲಿಕಾಯಿಯೂ ತಪ್ಪದಂತೆ ಏರ್ಪಡಿಸುವುದು ಮೂರು ಒರೆಗಲ್ಲುಗಳಿಗೂ ಒಪ್ಪುವ ಕಾರ್ಯ.

ಮೂರನೆಯದು ಮೂತ್ರಪಿಂಡಗಳು ಕೆಟ್ಟವರ ಸ್ಥಿತಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರದಿಂದ ರಕ್ತವನ್ನು ಶುದ್ಧಿಮಾಡುವ ಸೌಕರ್ಯವನ್ನು ಬಡವರಿಗೆ ಧರ್ಮಾರ್ಥವಾಗಿ ಒದಗಿಸಿರುವುದು ದೊಡ್ಡ ಉಪಕಾರ. ಯಂತ್ರವನ್ನು ಹಿಡಿಯುವ ಮೊದಲು ಸಸಾರಜನಕವನ್ನು ಮಿತಗೊಳಿಸಲು ಹೇಳುವ ವೈದ್ಯರೇ, ಯಂತ್ರವನ್ನು ಹಿಡಿದ ಮೇಲೆ ಅದನ್ನು ಹೆಚ್ಚಿಸಲು ಹೇಳುವರು. ಮೈತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ೧ರಿಂದ ೧.೨ ಗ್ರಾಮು ಬೇಕೆಂದು ಲೆಕ್ಕ. ೫೦ ಕಿಲೋಗ್ರಾಮು ತೂಗುವವನಿಗೆ ೫೦ರಿಂದ ೬೦ ಗ್ರಾಮು. ಒಂದು ಮೊಟ್ಟೆಯಲ್ಲಿರುವುದು ಸುಮಾರು ೬ ಗ್ರಾಮು. ವಾರಕ್ಕೆ ಎರಡು ಮೂರು ದಿನ ಯಂತ್ರದ ಬಳಿ ಕಳೆಯುವ ಕೂಲಿಯವನು ಇದನ್ನು ಎಲ್ಲಿಂದ ತಂದಾನು? ಯಂತ್ರಕ್ಕೆ ಸಾವಿರಾರು ರೂಪಾಯಿಗಳನ್ನು ಸುರಿಯುವ ಸರ್ಕಾರವು ಅಂದಿನ ದಿನ ಅವನಿಗೆ ಎರಡು ಬೇಯಿಸಿದ ಮೊಟ್ಟೆಗಳನ್ನು ಕೊಡಲು ಹಿಂಜರಿಯುವುದು, ಆನೆಯನ್ನು ಕೊಟ್ಟು ಅಂಕುಶಕ್ಕೆ ಜಗಳವಾಡಿದಂತಾಗುವುದು.

ಇನ್ನು ಕೆಲವು ಅಪೂರ್ವ ರೋಗಗಳುಂಟು. ಹುಟ್ಟಿದ ಮಗುವಿಗೆ ತಾಯಿಯ ಹಾಲಿನಲ್ಲಿರುವ ಒಂದು ಅಂಶವನ್ನು ಕೂಡ ಅರಗಿಸುವ ಶಕ್ತಿಯಿರದು. ಆ ಅಂಶವು ಮಿದುಳಿಗೆ ವಿಷವಾಗುವುದು. ಅವುಗಳಲ್ಲಿ ಫಿನೈಲ್‌ಕೀಟೋನೂರಿಯ ಎಂಬುದು ಒಂದು. ಅಂತಹ ಮಗುವಿಗೆ ಪ್ರತ್ಯೇಕವಾಗಿ ತಯಾರಿಸಿದ ಪುಡಿಯೇ ಪ್ರಾಣಾಧಾರ. ಯಾವ ಅಡಿಗೆಮನೆಯೂ ಅದನ್ನು ಮಾಡಲಾರದು. ೨೦೨೧ರ ರಾಷ್ಟ್ರೀಯ ಅಪೂರ್ವರೋಗ ನೀತಿಯು ಇವನ್ನು ವಿಶೇಷಾಹಾರದಿಂದ ನಿರ್ವಹಿಸತಕ್ಕ ರೋಗಗಳೆಂದು ಬೇರೆಯಾಗಿಯೇ ಪಟ್ಟಿಮಾಡಿದೆ. ಗೊತ್ತಾದ ಆಸ್ಪತ್ರೆಗಳ ಮೂಲಕ ಒಬ್ಬ ರೋಗಿಗೆ ೫೦ ಲಕ್ಷ ರೂಪಾಯಿಗಳವರೆಗೆ ನೆರವು ಕೊಡಬಹುದೆಂದು ೨೦೨೨ರಲ್ಲಿ ನಿರ್ಣಯವಾಯಿತು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯು ಮಾನವ ತಳಿವಿಜ್ಞಾನ ಕೇಂದ್ರದೊಡನೆ ಆ ಪಟ್ಟಿಯಲ್ಲಿದೆ. ಆಹಾರವೂ ಔಷಧವಾಗಬಲ್ಲುದೆಂಬ ತತ್ತ್ವವನ್ನು ಸರ್ಕಾರವು ತಾನೇ ಒಪ್ಪಿರುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒರೆಗಲ್ಲಿಗೆ ನಿಲ್ಲದ ಸಂಗತಿಯನ್ನೂ ಹೇಳಬೇಕು. ಸಕ್ಕರೆ ಕಾಯಿಲೆಯವರು ಇಂದು ಮನೆಮನೆಯಲ್ಲಿಯೂ ಇರುವರು. ಅವರಿಗಾಗಿಯೇ ಎಂದು ಹೆಸರು ಹಚ್ಚಿದ ಬಿಸ್ಕತ್ತು, ಪುಡಿಗಳು ಅಂಗಡಿಗಳಲ್ಲಿ ತುಂಬಿವೆ. ಇವಕ್ಕೆ ಸಾರ್ವಜನಿಕರ ಒಂದು ಕಾಸೂ ಸಲ್ಲಬಾರದು. ಈ ರೋಗದ ಪಥ್ಯವು ಬಹುಪಾಲು ಮಿತಿಯಲ್ಲಿದೆ: ಅನ್ನವನ್ನು ಕಡಮೆಮಾಡಿ ಕಾಳು, ಸೊಪ್ಪು, ತರಕಾರಿಗಳನ್ನು ಹೆಚ್ಚಿಸುವುದರಲ್ಲಿದೆ. ರಾಗಿಯೆಂಬ ಭರವಸೆಯಿಂದ ಮನಬಂದಷ್ಟು ಮುದ್ದೆಯನ್ನು ನುಂಗಿದರೂ ಸಕ್ಕರೆ ಏರುವುದು. ಸರ್ಕಾರವು ಮಾಡಬಹುದಾದುದಿಷ್ಟೆ: ನ್ಯಾಯಬೆಲೆಯ ಅಂಗಡಿಯಲ್ಲಿ ಅಕ್ಕಿಯೊಂದನ್ನೇ ಸುರಿಯದೆ ರಾಗಿ, ತೊಗರಿ, ಹುರುಳಿಗಳನ್ನೂ ಇಡುವುದು. ಅದು ರೋಗಿಗೂ ಆಗುವುದು, ಆರೋಗ್ಯವಂತನಿಗೂ ಆಗುವುದು.

ಇಲ್ಲಿ ಕೆಲವು ಆಕ್ಷೇಪಗಳು ಬರುವುವು. ರೋಗಿಯ ಪಥ್ಯವನ್ನು ನೋಡಿಕೊಳ್ಳುವುದು ಮನೆಯವರ ಕರ್ತವ್ಯವಲ್ಲವೆ ಎಂದು ಕೆಲವರು ಕೇಳುವರು. ಕರ್ತವ್ಯವೇ ಹೌದು, ಆದರೆ ಶಕ್ತಿಯಿಲ್ಲದವನಿಗೆ ಕರ್ತವ್ಯವನ್ನು ಬೋಧಿಸುವುದು ಕುಂಟನಿಗೆ ಬೆಟ್ಟವನ್ನು ತೋರಿಸಿದಂತೆ. ಕೊಟ್ಟ ಧಾನ್ಯವನ್ನು ಮಾರಿಕೊಳ್ಳುವರು ಎಂಬುದು ಮತ್ತೊಂದು. ಕೆಲವರು ಮಾರಿಕೊಳ್ಳಬಹುದು, ಅದಕ್ಕೆ ತಿಂಗಳಿಗೊಮ್ಮೆ ರೋಗಿಯ ಮೈತೂಕವನ್ನು ನೋಡುವುದೇ ತಕ್ಕ ಪರೀಕ್ಷೆ. ತಕ್ಕಡಿಯು ಸುಳ್ಳು ಹೇಳದು. ತೂಕವು ಏರದಿದ್ದರೆ ಆಹಾರವು ಹೊಟ್ಟೆಗೆ ಹೋಗುತ್ತಿಲ್ಲವೆಂದೋ ರೋಗವು ಬಗ್ಗಿಲ್ಲವೆಂದೋ ತಿಳಿಯುವುದು, ಎರಡನ್ನೂ ವೈದ್ಯರು ತಿಳಿಯಬೇಕಾದುದೇ.

ಮೂರನೆಯ ಆಕ್ಷೇಪವು ಹೆಚ್ಚು ಬಲವಾದುದು. ರೋಗವಿಲ್ಲದೆಯೂ ಹಸಿದಿರುವ ನೆರೆಮನೆಯವನಿಗೆ ಏನು ಹೇಳುವಿರಿ? ಕಾಯಿಲೆ ಬಂದರೆ ಮಾತ್ರ ಬೇಳೆ ಸಿಕ್ಕುವುದೆಂಬ ಸ್ಥಿತಿ ಬರಬಾರದಷ್ಟೆ. ಇದಕ್ಕೆ ಉತ್ತರವು ರೋಗಿಯ ಪಾಲನ್ನು ಕಸಿಯುವುದಲ್ಲ, ಎಲ್ಲರ ಪಡಿತರವನ್ನು ಉತ್ತಮಗೊಳಿಸುವುದು. ಸಾಮಾನ್ಯವಾದ ಅನ್ನವು ಚೆನ್ನಾಗಿದ್ದಷ್ಟೂ ವಿಶೇಷವಾದ ಪಥ್ಯವು ಬೇಕಾಗುವವರು ಕಡಮೆಯಾಗುವರು.

ಕಾರ್ಯಕ್ರಮವು ಕಷ್ಟವಾದುದೇನಲ್ಲ. ವೈದ್ಯರು ಔಷಧದಂತೆಯೇ ಆಹಾರವನ್ನೂ ಚೀಟಿಯಲ್ಲಿ ಬರೆಯಲಿ: ಇಂತಹ ಧಾನ್ಯ, ಇಷ್ಟು ತೂಕ, ಇಷ್ಟು ತಿಂಗಳು. ಆ ಚೀಟಿಯನ್ನು ಊರಿನ ನ್ಯಾಯಬೆಲೆಯ ಅಂಗಡಿಯಲ್ಲಿ ತೋರಿಸಿದರೆ ತೊಗರಿಬೇಳೆ, ಕಡಲೆಕಾಯಿ, ಎಣ್ಣೆ, ಹಾಲಿನ ಪುಡಿ ದೊರೆಯಲಿ. ಸರ್ಕಾರವು ಬೆಂಬಲ ಬೆಲೆ ಕೊಟ್ಟು ಈ ಸೀಮೆಯ ರಾಗಿಯನ್ನು ಕೊಳ್ಳುತ್ತಿರುವಂತೆಯೇ ಪಾವಗಡ ಶಿರಾಗಳ ಕಡಲೆಕಾಯಿಯನ್ನೂ ಕೊಂಡು ಈ ಸೀಮೆಯ ರೋಗಿಗಳಿಗೇ ಹಂಚಿದರೆ, ಒಂದೇ ಹಣದಿಂದ ರೈತನ ಮನೆಯೂ ರೋಗಿಯ ಮನೆಯೂ ನಿಲ್ಲುವುವು. ನೂರು ಗ್ರಾಮು ಕಡಲೆಕಾಯಿಬೀಜದಲ್ಲಿ ಸುಮಾರು ೨೫ ಗ್ರಾಮು ಸಸಾರಜನಕವಿದೆ. ಡಬ್ಬಿಯ ಪುಡಿಗೆ ಮಾರುಹೋಗುವ ಮೊದಲು ಇದನ್ನು ನೆನೆಯಬೇಕು.

ಸರ್ಕಾರವು ಮಾಡುವವರೆಗೆ ಗೃಹಸ್ಥರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನೆರೆಯಲ್ಲಿ ಕ್ಷಯದ ಮದ್ದನ್ನು ಸೇವಿಸುತ್ತಿರುವವರಿದ್ದರೆ ಅವರ ಹೆಸರು ತಿಂಗಳ ಸಾವಿರ ರೂಪಾಯಿಗಳ ಪಟ್ಟಿಯಲ್ಲಿ ಸೇರಿದೆಯೆ, ಬ್ಯಾಂಕಿನ ಖಾತೆ ಸರಿಯಾಗಿದೆಯೆ ಎಂದು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿಕೊಡಬಹುದು. ಅವರ ಮನೆಯ ಮಕ್ಕಳನ್ನೂ ಒಮ್ಮೆ ಪರೀಕ್ಷೆಗೆ ಕರೆದೊಯ್ಯಲು ಹೇಳಬಹುದು. ನೀರು ಕೆಟ್ಟ ಊರಿನವರು ಅಡಿಗೆಗೂ ಶುದ್ಧವಾದ ನೀರನ್ನೇ ಬಳಸಬೇಕು. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿದಷ್ಟೂ ಗಟ್ಟಿಯಾಗುವುದು. ಆಸ್ಪತ್ರೆಗೆ ಹೋದಾಗ ವೈದ್ಯರು ಪಥ್ಯವನ್ನು ಬಾಯಲ್ಲಿ ಹೇಳಿದರೆ, "ಸ್ವಾಮಿ, ದಯವಿಟ್ಟು ಅದನ್ನೂ ಚೀಟಿಯಲ್ಲಿ ಬರೆದುಕೊಡಿ" ಎಂದು ವಿನಯದಿಂದ ಕೇಳಬೇಕು. ಬರೆದುದನ್ನು ಇಂದು ಅಂಗಡಿಯವನು ಕೊಡದಿರಬಹುದು. ಆದರೆ ಬರೆದಿಟ್ಟ ಚೀಟಿಗಳು ನೂರಾದಾಗ, ಸಾವಿರವಾದಾಗ, ಬಡವರಿಗೆ ಬೇಕಾದ ಮದ್ದು ಯಾವುದೆಂಬುದನ್ನು ಅಧಿಕಾರಿಗಳು ಓದಲೇಬೇಕಾಗುವುದು.